ಪೊರೆ ಕಾಯುತ್ತದೆ, ಮಗುವಿನ ಕಣ್ಣು ಕಾಯುವುದಿಲ್ಲ



ಜಾತ್ರೆಗೋ ಹಿರಿಯ ಗುರುಗಳ ಸಂಸ್ಮರಣೆಗೋ ಮಠಗಳಲ್ಲಿ ಉಚಿತ ಕಣ್ಣಿನ ತಪಾಸಣಾ ಶಿಬಿರ ನಡೆಸುವುದು ಈಗ ವಾಡಿಕೆ. ಗುಂಡ್ಲುಪೇಟೆ ಸೀಮೆಯ ಇಂಥ ಶಿಬಿರಗಳಿಗೆ ನಾನೂ ಸೇವೆಗೆಂದು ಹೋಗುತ್ತೇನೆ. ಹೆಸರು ಬರೆದುಕೊಳ್ಳುವ ಮೇಜು ನನ್ನದು. ತೆರಕಣಾಂಬಿ, ಹಂಗಳ, ಬೇಗೂರು ಕಡೆಯಿಂದ ಬರುವವರಲ್ಲಿ ಹೆಚ್ಚಿನವರು ಅರವತ್ತು ದಾಟಿದವರು. ಮಕ್ಕಳೂ ಬರುತ್ತಾರೆ, ಅಜ್ಜ ಅಜ್ಜಿಯ ಕೈ ಹಿಡಿದು ನಡೆಸಿಕೊಂಡು. ಆ ಮಕ್ಕಳ ಹೆಸರನ್ನು ನಾವು ಬರೆದುಕೊಳ್ಳುವುದಿಲ್ಲ.

ಈ ಶಿಬಿರಗಳ ಹಿಂದೆ ದೊಡ್ಡ ಪರಂಪರೆಯಿದೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿಯವರು ಊರೂರು ತಿರುಗಿ ಲಕ್ಷಗಟ್ಟಲೆ ಜನರ ಕಣ್ಣಿನ ಪೊರೆ ತೆಗೆದರು. ಜನ ಅವರನ್ನು ‘ಕಣ್ಣು ಕೊಟ್ಟ ಅಣ್ಣ’ ಎಂದೇ ಕರೆದರು. ಅಂದಿನಿಂದ ನಮ್ಮ ಮನಸ್ಸಿನಲ್ಲಿ ಕಣ್ಣಿನ ಶಿಬಿರವೆಂದರೆ ಪೊರೆ, ಪೊರೆಯೆಂದರೆ ಮುಪ್ಪು. ಅದು ನಿಲ್ಲಬೇಕೆಂದು ನಾನು ಹೇಳುತ್ತಿಲ್ಲ. ಆದರೆ ಅಜ್ಜನ ಪೊರೆಯನ್ನು ಈ ಜಾತ್ರೆಗೆ ಬಿಟ್ಟು ಮುಂದಿನ ಜಾತ್ರೆಗೆ ತೆಗೆಸಿದರೂ ಸಾಮಾನ್ಯವಾಗಿ ದೃಷ್ಟಿ ಮರಳುತ್ತದೆ. ನಾಲ್ಕು ವರ್ಷದ ಮೊಮ್ಮಗನ ಕಣ್ಣಿಗೆ ಆ ಸೌಕರ್ಯವಿಲ್ಲ.

ಇದು ನನ್ನ ಸ್ವಂತ ಅನುಭವ. ಎಂಜಿನಿಯರಿಂಗ್ ಓದುವಾಗ ಸರ್ವೆ ಕ್ಯಾಂಪಿನಲ್ಲಿ ಒಂದು ದಿನ ಬಲಗಣ್ಣಿಗೆ ಧೂಳು ಬಿತ್ತು. ಡಂಪಿ ಲೆವೆಲ್‌ಗೆ ಎಡಗಣ್ಣಿಟ್ಟು ನೋಡಿದೆ. ಎದುರಿನ ಸ್ಟಾಫಿನ ಮೇಲಿನ ಒಂದು ಅಂಕಿಯೂ ಓದಲಾಗಲಿಲ್ಲ. ಉಪಕರಣವೇ ಕೆಟ್ಟಿದೆಯೆಂದು ಫೋಕಸ್ ತಿರುಪನ್ನು ತಿರುಗಿಸುತ್ತಲೇ ಇದ್ದೆ; ಪಕ್ಕದ ಗೆಳೆಯ ಬಂದು ಸರಾಗವಾಗಿ ಓದಿ ಹೇಳಿದ. ಆಮೇಲೆ ಪರೀಕ್ಷಿಸಿದ ವೈದ್ಯರು, ಇದು ಚಿಕ್ಕಂದಿನಿಂದಲೂ ಇದ್ದ ದೋಷ, ಆರನೇ ವಯಸ್ಸಿಗೆ ಬಂದಿದ್ದರೆ ಸರಿಮಾಡಬಹುದಿತ್ತು ಎಂದರು. ಇಪ್ಪತ್ತು ವರ್ಷ ನಾನು ಒಂದೇ ಕಣ್ಣಿನಲ್ಲಿ ಲೋಕ ನೋಡಿದ್ದೆ. ನನಗೂ ಗೊತ್ತಿರಲಿಲ್ಲ, ಹೆತ್ತವರಿಗೂ ಗೊತ್ತಿರಲಿಲ್ಲ.

ಇದಕ್ಕೆ ಅಂಬ್ಲಿಯೋಪಿಯಾ ಎನ್ನುತ್ತಾರೆ. ಆಡುಮಾತಿನಲ್ಲಿ ಸೋಮಾರಿ ಕಣ್ಣು. ಒಂದು ಕಣ್ಣಿನ ಪವರ್ ಹೆಚ್ಚು ಕಡಿಮೆಯಿದ್ದರೆ, ಅಥವಾ ಮೆಳ್ಳೆಗಣ್ಣಾಗಿದ್ದರೆ, ಮಿದುಳು ಆ ಕಣ್ಣಿನ ಮಸುಕು ಚಿತ್ರವನ್ನು ಬದಿಗೊತ್ತಿ ಚೆನ್ನಾಗಿರುವ ಕಣ್ಣನ್ನೇ ನಂಬುತ್ತದೆ. ನೀರು ಬಿಡದ ಕಾಲುವೆಯಲ್ಲಿ ಹೂಳು ತುಂಬುವುದನ್ನು ನೌಕರಿಯುದ್ದಕ್ಕೂ ಕಂಡವನು ನಾನು, ಇದೂ ಹಾಗೆಯೇ. ಚಿಕಿತ್ಸೆ ಸರಳ: ಕನ್ನಡಕ, ಬೇಕಾದರೆ ಒಳ್ಳೆಯ ಕಣ್ಣಿಗೆ ದಿನಕ್ಕೆ ಇಷ್ಟು ಗಂಟೆ ಎಂದು ಪಟ್ಟಿ ಅಂಟಿಸಿ ದುರ್ಬಲ ಕಣ್ಣಿನಿಂದ ಕೆಲಸ ಮಾಡಿಸುವುದು. ಏಳೆಂಟು ವರ್ಷದೊಳಗೆ ಮಾಡಿದರೆ ಇದು ಚೆನ್ನಾಗಿ ಫಲಿಸುತ್ತದೆ. ಆಮೇಲೆ ವರ್ಷ ವರ್ಷಕ್ಕೂ ಕಷ್ಟ.

ಮನೆಯವರಿಗೆ ಯಾಕೆ ತಿಳಿಯುವುದಿಲ್ಲ? ಮಗು ಹೇಳುವುದಿಲ್ಲ, ಎಲ್ಲರಿಗೂ ಲೋಕ ಹೀಗೇ ಕಾಣುತ್ತದೆಂದು ಅದು ತಿಳಿದಿರುತ್ತದೆ. ದೂರದ್ದು ಕಾಣದ ಮಗುವಿಗೂ ಹತ್ತಿರದ್ದು ನಿಚ್ಚಳವಾಗಿ ಕಾಣುತ್ತದೆ. ಅಂಗೈಯ ಇಷ್ಟಲಿಂಗದ ಮೇಲೆ ಅದು ತದೇಕವಾಗಿ ದೃಷ್ಟಿ ನಿಲ್ಲಿಸೀತು, ಶಾಲೆಯಲ್ಲಿ ಕರಿಹಲಗೆ ಮಾತ್ರ ಮಬ್ಬು. ಮೇಷ್ಟರು ದಡ್ಡನೆಂದು ಹಿಂದಿನ ಬೆಂಚಿಗೆ ಕಳಿಸುತ್ತಾರೆ, ಅಲ್ಲಿಂದ ಹಲಗೆ ಇನ್ನೂ ದೂರ.

ಮೌಢ್ಯದ ಪಾಲೂ ಇದೆ. ಮಗು ಊಟ ಬಿಟ್ಟರೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆಯುತ್ತೇವೆ, ಅದೇ ಮಗುವಿನ ದೃಷ್ಟಿ ಎಷ್ಟಿದೆಯೆಂದು ನೋಡಿಸುವುದಿಲ್ಲ. ಮೆಳ್ಳೆಗಣ್ಣು ಅದೃಷ್ಟವೆಂದು ಸುಮ್ಮನಿರುತ್ತೇವೆ. ಹೆಣ್ಣುಮಗುವಾದರೆ, ಕನ್ನಡಕ ಹಾಕಿಸಿದರೆ ಮುಂದೆ ಗಂಡು ಸಿಗುವುದಿಲ್ಲವೆಂಬ ಲೆಕ್ಕ ಒಂದನೇ ತರಗತಿಯಲ್ಲೇ ಶುರು. ಬಸವಾದಿ ಶರಣರ ಹೆಸರು ಹೇಳುವ ಮನೆಗಳಲ್ಲೂ ಇದನ್ನು ಕೇಳಿ ನನಗೆ ನಾಚಿಕೆಯಾಗಿದೆ.

ಸರ್ಕಾರ ಏನೂ ಮಾಡಿಲ್ಲವೆನ್ನಲಾಗದು. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ 1976ರಿಂದಲೇ ಇದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಒಂಬತ್ತು ತಿಂಗಳಿಂದ ಐದು ವರ್ಷದವರೆಗೆ ವಿಟಮಿನ್ ‘ಎ’ ದ್ರಾವಣವನ್ನೂ ಕುಡಿಸುತ್ತಾರೆ. ಒಳ್ಳೆಯದೇ, ಆದರೆ ಆ ದ್ರಾವಣದಿಂದ ಕನ್ನಡಕದ ಕೆಲಸವಾಗದು. ತಂಡ ಬಂದ ದಿನ ಮಗು ರಜೆಯಲ್ಲಿದ್ದರೆ ಅಲ್ಲಿಗೆ ಒಂದು ವರ್ಷ ಹೋಯಿತು. ಚೀಟಿ ಬರೆದುಕೊಟ್ಟರೂ ಕೂಲಿ ಬಿಟ್ಟು ಚಾಮರಾಜನಗರಕ್ಕೋ ಮೈಸೂರಿಗೋ ಕರೆದೊಯ್ಯುವವರು ಯಾರು? ಚೀಟಿಗೂ ಕನ್ನಡಕಕ್ಕೂ ನಡುವಿನ ಈ ಅಂತರದಲ್ಲೇ ಹೆಚ್ಚು ಮಕ್ಕಳು ಕಳೆದುಹೋಗುವುದು. ಮಠಗಳು ನಿಲ್ಲಬೇಕಾದ ಜಾಗವೂ ಅದೇ.

ಮಠದ ಶಾಲೆ, ಪ್ರಸಾದ ನಿಲಯಕ್ಕೆ ಸೇರುವ ಪ್ರತಿ ಮಗುವಿನ ಕಣ್ಣನ್ನು ಜೂನ್ ತಿಂಗಳಲ್ಲೇ, ಒಂದೊಂದಾಗಿ ಮುಚ್ಚಿಸಿ ನೋಡಲಿ. ಎರಡೂ ತೆರೆದಿಟ್ಟು ನೋಡಿದರೆ ನನ್ನಂಥವರು ಪಾಸಾಗಿಬಿಡುತ್ತಾರೆ. ಅಕ್ಷರ ಬಾರದ ಚಿಕ್ಕವರಿಗೆ, ಗೆರೆಗಳು ಯಾವ ಕಡೆ ತಿರುಗಿವೆಯೆಂದು ಬೆರಳಲ್ಲಿ ತೋರಿಸುವ ‘ಇ’ ಅಕ್ಷರದ ಫಲಕವಿದೆ. ನೇತ್ರ ಸಹಾಯಕರು ಒಂದು ದಿನ ಹೇಳಿಕೊಟ್ಟರೆ ಶಿಕ್ಷಕರೇ ಮಾಡಬಲ್ಲರು. ದೋಷ ಕಂಡವರನ್ನು ಮಠದ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ದು, ಕನ್ನಡಕ ಕೊಡಿಸಿ, ಮೂರು ತಿಂಗಳ ಮೇಲೆ ಅದು ಮೂಗಿನ ಮೇಲಿದೆಯೋ ಪೆಟ್ಟಿಗೆಯಲ್ಲಿದೆಯೋ ನೋಡಬೇಕು. ಇದೂ ದಾಸೋಹವೇ. ಬಂಡೀಪುರದ ಕಾಡಂಚಿನ ಹಾಡಿಗಳ ಮಕ್ಕಳೂ ಈ ಪಟ್ಟಿಯಲ್ಲಿರಲಿ. ಜಾತಿ ಕೇಳಿ ಫಲಕದ ಮುಂದೆ ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಬೇಡ.

ತಾಯಂದಿರಿಗೆ ಎರಡು ಮಾತು. ಫೋಟೊದಲ್ಲಾಗಲಿ ಎದುರಿಗಾಗಲಿ ಮಗುವಿನ ಕಣ್ಣ ಪಾಪೆ ಬೆಳ್ಳಗೆ ಹೊಳೆದರೆ ಯಾವ ಶಿಬಿರಕ್ಕೂ ಕಾಯಬೇಡಿ, ತಕ್ಷಣ ಕಣ್ಣಿನ ವೈದ್ಯರಿಗೆ ತೋರಿಸಿ. ಅದು ಪೊರೆಯಿರಬಹುದು, ಕ್ಯಾನ್ಸರೂ ಇರಬಹುದು. ದಿನ ತುಂಬುವ ಮೊದಲೇ, ಅಂದರೆ 34 ವಾರದೊಳಗೆ ಹುಟ್ಟಿದ ಅಥವಾ ಎರಡು ಕಿಲೋ ಮೀರದ ಕೂಸಾದರೆ, ಒಂದು ತಿಂಗಳೊಳಗೆ ಅಕ್ಷಿಪಟಲದ ಪರೀಕ್ಷೆ ಆಗಲೇಬೇಕು.

ಬರುವ ಜಾತ್ರೆಯ ಶಿಬಿರದಲ್ಲಿ ನಮ್ಮ ಮೇಜಿನ ಪಕ್ಕ ಇನ್ನೊಂದು ಮೇಜು ಹಾಕಿ, ಅಜ್ಜಿಯ ಕೈ ಹಿಡಿದು ಬಂದ ಮಗುವಿನ ಹೆಸರನ್ನೂ ಬರೆಯೋಣವೆಂದು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ. ಬೇಕಾಗಿರುವುದು ಬೆಳಕಿರುವ ಒಂದು ಗೋಡೆ, ಒಂದು ಫಲಕ, ಅಲ್ಲಿಂದ ಆರು ಮೀಟರ್ ದೂರಕ್ಕೆ ಸುಣ್ಣದ ಒಂದು ಗೆರೆ. ಅಳತೆ ಟೇಪು ನನ್ನ ಹತ್ತಿರವಿದೆ.