ಪತ್ರಿಕೋದ್ಯಮದ ಪದವಿಯೂ ನಾಲ್ಕು ತಾಲ್ಲೂಕುಗಳೂ

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ದಿನ ಮಧುಗಿರಿಯ ಹೆಸರು ರಾಜ್ಯದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಳ್ಳುತ್ತದೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಸೇರಿ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆಯಾಗಿರುವುದರಿಂದ ತುಮಕೂರಿನ ಜೊತೆಗೆ ಅದಕ್ಕೂ ಕೋಷ್ಟಕದಲ್ಲೊಂದು ಸಾಲು ದೊರೆಯುತ್ತದೆ. ಮರುದಿನದಿಂದ ಈ ನಾಲ್ಕು ತಾಲ್ಲೂಕುಗಳು ಮತ್ತೆ ಜಿಲ್ಲಾ ಪುಟದ ಮೂಲೆಗೆ ಸರಿಯುತ್ತವೆ. ಅಪಘಾತ, ಜಾತ್ರೆ, ಸಚಿವರ ಭೇಟಿ, ಇಲ್ಲವೇ ಉಪಚುನಾವಣೆ: ಇವಿಷ್ಟೇ ಅಲ್ಲಿಂದ ಹೊರಡುವ ಸುದ್ದಿ ಎಂಬ ಭಾವನೆ ಓದುಗರಲ್ಲಿ ಮೂಡಿದ್ದರೆ ಅದಕ್ಕೆ ಓದುಗರು ಹೊಣೆಯಲ್ಲ.

ಈ ಭಾಗಕ್ಕೆ ಸಮೀಪದಲ್ಲೇ ಪತ್ರಿಕೋದ್ಯಮದ ಸ್ನಾತಕೋತ್ತರ ಶಿಕ್ಷಣ ಲಭ್ಯವಿದೆ ಎಂಬುದನ್ನು ನೆನೆದಾಗ ಪ್ರಶ್ನೆಯೊಂದು ಏಳುತ್ತದೆ. 2004ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ತುಮಕೂರು ವಿಶ್ವವಿದ್ಯಾನಿಲಯ ಅಸ್ತಿತ್ವಕ್ಕೆ ಬಂತು. ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಅಧ್ಯಯನ ವಿಭಾಗವೂ ಅಲ್ಲಿದೆ. ಮೊದಲಾಗಿದ್ದರೆ ಬೆಂಗಳೂರಿಗೋ ಮೈಸೂರಿಗೋ ಹೋಗಬೇಕಾಗಿದ್ದ ಹಳ್ಳಿಯ ಹುಡುಗ ಹುಡುಗಿಯರು ಈಗ ಜಿಲ್ಲಾ ಕೇಂದ್ರದಲ್ಲೇ ಎಂ.ಎ. ಓದಬಲ್ಲರು. ಇದು ಸಣ್ಣ ಲಾಭವಲ್ಲ. ಆದರೆ ಪದವಿ ಪಡೆದವರಲ್ಲಿ ಎಷ್ಟು ಮಂದಿ ತಮ್ಮ ತಾಲ್ಲೂಕನ್ನು ವರದಿ ಮಾಡುವ ಶಕ್ತಿಯನ್ನೂ ಅವಕಾಶವನ್ನೂ ಗಳಿಸುತ್ತಾರೆ? ನಗರಕ್ಕೆ ಹೊರಡುವ ಬಸ್ಸು ಹತ್ತುವುದೊಂದೇ ದಾರಿಯೆಂದು ನಂಬಿ ಎಷ್ಟು ಮಂದಿ ಊರು ಬಿಡುತ್ತಾರೆ?

ನಾನು ಬಹುಕಾಲ ಪತ್ರಿಕೆಯೊಂದರ ಸುದ್ದಿ ವಿಭಾಗದಲ್ಲಿ ದುಡಿದವನು. ರಾಜ್ಯದ ಬೇರೆ ಬೇರೆ ಕಡೆಯ ಪತ್ರಿಕೋದ್ಯಮ ವಿದ್ಯಾರ್ಥಿಗಳ ಕಿರುಪ್ರಬಂಧಗಳನ್ನು ಓದುವ ಅವಕಾಶವೂ ನನಗೆ ಸಿಕ್ಕಿದೆ. ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನವು: ಯುವಜನರ ಮೇಲೆ ಸಾಮಾಜಿಕ ಜಾಲತಾಣದ ಪ್ರಭಾವ, ನೂರು ಮಂದಿಗೆ ಹಂಚಿದ ಪ್ರಶ್ನಾವಳಿ, ಕೊನೆಗೆ ಶೇಕಡಾವಾರು ಕೋಷ್ಟಕ. ಅಭಿವೃದ್ಧಿ ಸಂವಹನದ ಪಾಠದಲ್ಲಿ ಡೇನಿಯಲ್ ಲರ್ನರ್ 1958ರ ತನ್ನ ಗ್ರಂಥದಲ್ಲಿ ವರ್ಣಿಸಿದ ಟರ್ಕಿಯ ಬಲ್ಗಾಟ್ ಎಂಬ ಹಳ್ಳಿಯ ದಿನಸಿ ವ್ಯಾಪಾರಿ ಬರುತ್ತಾನೆ. ಅವನನ್ನು ತಿಳಿಯುವುದು ತಪ್ಪಲ್ಲ. ಆದರೆ ಬಲ್ಗಾಟನ್ನು ಬಲ್ಲ ವಿದ್ಯಾರ್ಥಿಗೆ ತಿರುಮಣಿ ಗೊತ್ತಿಲ್ಲದಿದ್ದರೆ ಆ ಪಾಠ ಅರ್ಧಕ್ಕೇ ನಿಂತಂತೆ.

ತಿರುಮಣಿ ಇರುವುದು ಪಾವಗಡ ತಾಲ್ಲೂಕಿನಲ್ಲಿ. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಗೊಂಡ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್, ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿಕೊಂಡಿದೆ. ಇಲ್ಲಿ ಜಮೀನನ್ನು ಕೊಂಡದ್ದಲ್ಲ, ಗುತ್ತಿಗೆಗೆ ಪಡೆದದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರ ಏರಿಕೆ ಎಂಬ ಒಪ್ಪಂದ ಬರಗಾಲದ ನಾಡಿನ ಭೂಮಾಲೀಕನಿಗೆ ಆಸರೆಯಾಯಿತು. ಅದೇ ಹೊಲದಲ್ಲಿ ಕೂಲಿ ಮಾಡುತ್ತಿದ್ದ ಭೂರಹಿತನಿಗೆ ಏನಾಯಿತು? ಕುರಿ ಮೇಯಿಸುತ್ತಿದ್ದವರು ಎಲ್ಲಿಗೆ ಹೋದರು? ಉದ್ಘಾಟನೆಯ ದಿನ ಬಂದು ಹೋಗುವ ವರದಿಗಾರನಿಗೆ ಇದಕ್ಕೆ ಉತ್ತರ ಸಿಗುವುದಿಲ್ಲ. ಪಹಣಿ ಓದಬಲ್ಲ, ಗುತ್ತಿಗೆ ಕರಾರು ಅರ್ಥವಾಗುವ, ಗಡಿಯ ಆ ಹಳ್ಳಿಗಳ ತೆಲುಗನ್ನೂ ಆಡಬಲ್ಲ ಒಬ್ಬರು ಅಲ್ಲಿ ಕೆಲವು ತಿಂಗಳು ಇರಬೇಕು.

ಕೊರಟಗೆರೆಯ ಉದಾಹರಣೆ ಇನ್ನೊಂದು ಬಗೆಯದು. ಎತ್ತಿನಹೊಳೆ ಯೋಜನೆಯ ಜಲಾಶಯಕ್ಕೆ ಗುರುತಿಸಿದ್ದ ಬೈರಗೊಂಡ್ಲು ಪ್ರದೇಶ ಕೊರಟಗೆರೆ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳ ಗಡಿಯಲ್ಲಿದೆ. ಒಂದೇ ನೀರಿನಲ್ಲಿ ಮುಳುಗಬೇಕಾದ ಜಮೀನಿಗೆ ತಾಲ್ಲೂಕು ಬದಲಾದೊಡನೆ ಪರಿಹಾರದ ದರವೂ ಬದಲಾಗುವುದು ನ್ಯಾಯವೇ ಎಂದು ರೈತರು ಕೇಳಿದರು. ನೋಂದಣಿ ಇಲಾಖೆಯ ಮಾರ್ಗಸೂಚಿ ದರವನ್ನು ಬಿಡಿಸಿ ಹೇಳದೆ ಈ ಪ್ರಶ್ನೆಯನ್ನು ಓದುಗರಿಗೆ ತಲುಪಿಸಲಾಗದು. ಶಿರಾದಲ್ಲಿ 2020ರ ನವೆಂಬರ್ ಉಪಚುನಾವಣೆಯ ಹೊತ್ತಿಗೆ ಮದಲೂರು ಕೆರೆಗೆ ಹೇಮಾವತಿ ನೀರು ಹರಿಸುವ ಮಾತು ರಾಜ್ಯವ್ಯಾಪಿ ಸುದ್ದಿಯಾಯಿತು. ಮತ ಎಣಿಕೆ ಮುಗಿದೊಡನೆ ಬೆಂಗಳೂರಿನ ಕ್ಯಾಮೆರಾಗಳು ಹಿಂದಿರುಗಿದವು; ಕೆರೆ ಅಲ್ಲೇ ಉಳಿಯಿತು.

ಇವುಗಳಿಗಿಂತ ಕಠೋರವಾದುದು 2022ರ ಮಾರ್ಚ್ 19ರ ದುರಂತ. ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ, ಜನ ಕಿಕ್ಕಿರಿದಿದ್ದ ಖಾಸಗಿ ಬಸ್ಸು ಪಳವಳ್ಳಿಯ ಬಳಿ ಉರುಳಿ ವಿದ್ಯಾರ್ಥಿಗಳೂ ಸೇರಿ ಹಲವರು ಪ್ರಾಣ ಕಳೆದುಕೊಂಡರು. ಅಂದು ಸುದ್ದಿವಾಹಿನಿಗಳೆಲ್ಲ ಅಲ್ಲಿದ್ದವು. ಆದರೆ ಆ ಮಾರ್ಗದಲ್ಲಿ ಬೆಳಗಿನ ಹೊತ್ತು ಎಷ್ಟು ಬಸ್ಸುಗಳಿವೆ, ಕಾಲೇಜಿಗೆ ಹೋಗುವ ಮಕ್ಕಳೆಷ್ಟು, ಸರ್ಕಾರಿ ಬಸ್ಸಿಗಾಗಿ ಎಷ್ಟು ಅರ್ಜಿಗಳು ಹೋಗಿವೆ ಎಂಬುದು ದುರಂತಕ್ಕೆ ಮುಂಚೆ ಬರೆಯಬೇಕಾದ ಸುದ್ದಿ. ಸಾವು ಸಂಭವಿಸಿದ ಮೇಲೆ ಬರುವ ಪತ್ರಿಕೋದ್ಯಮಕ್ಕೆ ವಿಶೇಷ ತರಬೇತಿ ಬೇಕಿಲ್ಲ. ಸಾವನ್ನು ತಡೆಯಬಹುದಾದ ಪತ್ರಿಕೋದ್ಯಮಕ್ಕೆ ಬೇಕು.

ತಾಲ್ಲೂಕು ವರದಿಗಾರರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ, ಅವರಲ್ಲಿ ಸಮರ್ಥರಿಗೂ ಕೊರತೆಯಿಲ್ಲ. ಆದರೆ ಬಹುತೇಕರು ಅರೆಕಾಲಿಕರು. ಅವರ ಗೌರವಧನ ಪೆಟ್ರೋಲಿಗೂ ಸಾಲದು. ಯಾರ ಕಾಮಗಾರಿಯನ್ನು ಪ್ರಶ್ನಿಸಬೇಕೋ ಅವರಿಂದಲೇ ಹಬ್ಬದ ಪುರವಣಿಗೆ ಜಾಹೀರಾತು ತರಬೇಕಾದ ಸ್ಥಿತಿಯಲ್ಲಿ ಅವರನ್ನು ನಿಲ್ಲಿಸಿ, ನಿರ್ಭೀತ ವರದಿಯನ್ನು ನಿರೀಕ್ಷಿಸುವುದು ಆತ್ಮವಂಚನೆ. ಈ ದೋಷವನ್ನು ವಿಶ್ವವಿದ್ಯಾನಿಲಯವೊಂದೇ ನಿವಾರಿಸಲಾರದು. ಆದರೆ ಅದು ಮಾಡಬಹುದಾದ ಕೆಲಸ ಸಾಕಷ್ಟಿದೆ.

ಕೃಷಿ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಹಳ್ಳಿಗಳಲ್ಲಿ ವಾಸಿಸುವುದು ಪಠ್ಯಕ್ರಮದ ಕಡ್ಡಾಯ ಭಾಗ. ಪತ್ರಿಕೋದ್ಯಮಕ್ಕೂ ಇದೇ ಕ್ರಮ ಬರಲಿ. ಕೊನೆಯ ಸೆಮಿಸ್ಟರಿನಲ್ಲಿ ಪ್ರಶ್ನಾವಳಿಯ ಪ್ರಬಂಧದ ಬದಲು ವಿದ್ಯಾರ್ಥಿ ಒಂದು ತಾಲ್ಲೂಕು ಕೇಂದ್ರದಲ್ಲಿ ನೆಲೆಸಿ ದಾಖಲೆಗಳ ಆಧಾರದ ನಾಲ್ಕು ವರದಿಗಳನ್ನು ಸಿದ್ಧಪಡಿಸಲಿ. ಗ್ರಾಮ ಪಂಚಾಯಿತಿಯ ಆಯವ್ಯಯ ಓದುವುದು, 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಬರೆಯುವುದು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ಎಂದರೆ ಹಲ್ಲಿಗೂ ಮೂಳೆಗೂ ಏನಾಗುತ್ತದೆಂದು ತಿಳಿಯುವುದು ಸಂವಹನ ಸಿದ್ಧಾಂತದಷ್ಟೇ ಅಗತ್ಯವಾದ ಪಾಠಗಳು. ದುಡಿಯುತ್ತಿರುವ ತಾಲ್ಲೂಕು ವರದಿಗಾರರನ್ನು ಅತಿಥಿ ಬೋಧಕರಾಗಿ ಕರೆದು ಸಂಭಾವನೆ ಕೊಡಲಿ. ಅವರಿಗೆ ವಾರಾಂತ್ಯದ ತರಬೇತಿಯನ್ನೂ ತೆರೆಯಲಿ. ಸಿದ್ಧವಾದ ವರದಿಗಳನ್ನು ತುಮಕೂರಿನ ಪತ್ರಿಕೆಗಳಿಗೂ ರಾಜ್ಯಮಟ್ಟದ ಪತ್ರಿಕೆಗಳಿಗೂ ಕೊಡಲಿ.

ಎರಡು ಆಕ್ಷೇಪಗಳನ್ನು ನಿರೀಕ್ಷಿಸಬಹುದು. ಬಡ ಕುಟುಂಬದ ವಿದ್ಯಾರ್ಥಿಗೆ ಬೇಕಾದುದು ಉದ್ಯೋಗ, ಮತ್ತೆ ಹಳ್ಳಿಯಲ್ಲ ಎಂಬುದು ಮೊದಲನೆಯದು. ಅದು ನ್ಯಾಯವಾದ ಮಾತು. ಬೆಂಗಳೂರಿಗೆ ಹೋಗುವವರನ್ನು ತಡೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಸ್ವಂತ ಪರಿಶೀಲನೆಯ ನಾಲ್ಕು ವರದಿಗಳನ್ನು ಮುಂದಿಡುವ ಅಭ್ಯರ್ಥಿಗೂ ಅಂಕಪಟ್ಟಿ ಮಾತ್ರ ಹಿಡಿದು ಬರುವವರಿಗೂ ಇರುವ ಅಂತರ ಸಂದರ್ಶನದಲ್ಲಿ ಕುಳಿತವರಿಗೆ ತಕ್ಷಣ ಗೊತ್ತಾಗುತ್ತದೆ. ತಾಲ್ಲೂಕಿನಲ್ಲಿ ಕಲಿತ ಕಸುಬು ನಗರದಲ್ಲೂ ಅನ್ನ ಕೊಡುತ್ತದೆ. ಎರಡನೆಯದು, ಸರ್ಕಾರದ ಅನುದಾನದಲ್ಲಿ ನಡೆಯುವ ಸಂಸ್ಥೆಯ ವಿದ್ಯಾರ್ಥಿ ಶಾಸಕರನ್ನೋ ಗುತ್ತಿಗೆದಾರರನ್ನೋ ಪ್ರಶ್ನಿಸಿದರೆ ವಿಭಾಗಕ್ಕೆ ತೊಂದರೆ ಎಂಬ ಅಂಜಿಕೆ. ಅದಕ್ಕಾಗಿಯೇ ವರದಿಗಳನ್ನು ಪರಿಶೀಲಿಸಲು ಅಧ್ಯಾಪಕರು, ಹಿರಿಯ ಪತ್ರಕರ್ತರು ಮತ್ತು ಕಾನೂನು ಬಲ್ಲವರ ಸಮಿತಿಯೊಂದು ಇರಬೇಕು. ದಾಖಲೆ ಗಟ್ಟಿಯಾಗಿದ್ದರೆ ವಿದ್ಯಾರ್ಥಿಯ ಬೆನ್ನಿಗೆ ವಿಭಾಗ ನಿಲ್ಲಬೇಕು. ಆ ಧೈರ್ಯವಿಲ್ಲದ ಕಡೆ ಪತ್ರಿಕಾ ಸ್ವಾತಂತ್ರ್ಯದ ಪಾಠ ಬರೀ ಪರೀಕ್ಷೆಯ ಪ್ರಶ್ನೆಯಾಗಿ ಉಳಿಯುತ್ತದೆ.

ಉತ್ತರ ಪ್ರದೇಶದ ಚಿತ್ರಕೂಟದಲ್ಲಿ 2002ರಲ್ಲಿ ಗ್ರಾಮೀಣ ಮಹಿಳೆಯರು ಸೇರಿ ಬುಂದೇಲಿ ನುಡಿಯಲ್ಲಿ ‘ಖಬರ್ ಲಹರಿಯಾ’ ಆರಂಭಿಸಿದರು. ಪದವಿಯ ಬೆಂಬಲವಿಲ್ಲದೆ ಕೈಪಂಪು, ರಸ್ತೆ, ಶಾಲೆಗಳ ಸುದ್ದಿಯನ್ನು ಅವರು ಬರೆದರು. ನಮ್ಮಲ್ಲಿ ವಿಶ್ವವಿದ್ಯಾನಿಲಯವಿದೆ, ಗ್ರಂಥಾಲಯವಿದೆ, ಅಧ್ಯಾಪಕರಿದ್ದಾರೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿದಾಗ ಈ ನಾಲ್ಕೂ ಆ ಪಟ್ಟಿಯಲ್ಲಿದ್ದವು. ನೀರು, ರಸ್ತೆ, ಶಾಲೆಗಳ ಕೊರತೆಯನ್ನು ಸೂಚ್ಯಂಕಗಳು ಅಳೆಯಬಲ್ಲವು. ಆ ಕೊರತೆಯನ್ನು ವರ್ಷವಿಡೀ ಗಮನಿಸಿ ಬರೆಯುವವರಿಲ್ಲದಿರುವುದೂ ಒಂದು ಹಿಂದುಳಿದಿರುವಿಕೆಯೇ. ಅದನ್ನು ತುಂಬುವ ಕೆಲಸ ಒಂದು ಸೆಮಿಸ್ಟರಿನ ಪಠ್ಯ ಬದಲಾವಣೆಯಿಂದ ಆರಂಭವಾಗಬಹುದು.