ತೆಪ್ಪೋತ್ಸವದ ಮರುದಿನ

ಚಳಿ ದೇಶಗಳ ಯಾಟ್ ಕ್ಲಬ್ಬುಗಳಲ್ಲಿ ವಸಂತವೆಂದರೆ ಹಾಯಿದೋಣಿಗಳನ್ನು ಮತ್ತೆ ನೀರಿಗಿಳಿಸುವ ಹಬ್ಬ. ನಮ್ಮ ನದಿಗಳಿಗೂ ಅಂಥದ್ದು ಬೇಕು ಎನ್ನುವವರು ನಂಜನಗೂಡನ್ನು ನೋಡಿಲ್ಲ. ದೊಡ್ಡಜಾತ್ರೆಯಲ್ಲಿ ಐದು ತೇರುಗಳನ್ನು ಎಳೆದಾದ ಮೇಲೆ ಶ್ರೀಕಂಠೇಶ್ವರನ ಉತ್ಸವಮೂರ್ತಿ ಕಪಿಲೆಯಲ್ಲಿ ತೆಪ್ಪವೇರುತ್ತದೆ. ದೀಪ, ಹೂವು, ಸ್ನಾನಘಟ್ಟದ ತುಂಬ ಜನ.

ನನ್ನ ತಕರಾರು ತೆಪ್ಪೋತ್ಸವದ ಮೇಲಲ್ಲ, ಅದರ ಮರುದಿನದ ಮೇಲೆ. ಮಿಂದವರು ಬಿಟ್ಟ ಬಟ್ಟೆ ಮೆಟ್ಟಿಲಿಗೆ ಸುತ್ತಿಕೊಂಡಿರುತ್ತದೆ. ಊರಿನ ಕೊಳಚೆ ಬಂದು ಸೇರುತ್ತಲೇ ಇರುತ್ತದೆ. ಅದೇ ನೀರು ತಿರುಮಕೂಡಲಿನಲ್ಲಿ ಕಾವೇರಿಗೆ ಕೂಡುತ್ತದೆ. ಸಂಶೋಧನೆಗೆಂದು ಈ ದಡಗಳಲ್ಲಿ ಓಡಾಡುವ ನನಗೆ ಅಲ್ಲಿಂದ ತಲಕಾಡಿನವರೆಗೆ ಕಾಣುವವರು ಹರಿಗೋಲಿನವರು. ಅವರಿಗೆ ನದಿ ಒಂದು ಸಂಜೆಯ ಸಂಭ್ರಮವಲ್ಲ, ಹೊಟ್ಟೆಪಾಡು. ಮೇಲೆ ಕಬಿನಿ, ಕೆಆರ್‌ಎಸ್ ಗೇಟು ಎತ್ತಿದರೆ ಹರಿಗೋಲು ದಡದಲ್ಲಿ ಬೋರಲು. ಬೇಸಿಗೆಯಲ್ಲಿ ನೀರಿಳಿದರೆ ತಳಕ್ಕೆ ಬಂಡೆ. ಅವಘಡವಾದರೆ ಮೊದಲು ನಿಲ್ಲಿಸುವುದು ಇವರ ದೋಣಿಯನ್ನು. ಮುಳುಗಿದವರನ್ನು ಹುಡುಕಲು ಮೊದಲು ಕೂಗುವುದೂ ಇವರನ್ನೇ.

ಪ್ರತಿ ಜನವರಿ 21ರಂದು ಸರ್ಕಾರ 12ನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಜಯಂತಿ ಆಚರಿಸುತ್ತದೆ. ಪಟಕ್ಕೆ ಹಾರ ಹಾಕುವ ಕೈ ಘಟ್ಟದ ಅಂಬಿಗನಿಗೊಂದು ಲೈಫ್ ಜಾಕೆಟ್ ಕೊಡಬಾರದೇ?

ದೇವರ ಉತ್ಸವಕ್ಕೂ ಇದಕ್ಕೂ ಏನು ಸಂಬಂಧ ಎನ್ನುವವರಿದ್ದಾರೆ. ತೆಪ್ಪವೂ ಹರಿಗೋಲೂ ತೇಲುವುದು ಒಂದೇ ನೀರಿನ ಮೇಲೆ, ಅಷ್ಟೇ ಸಂಬಂಧ. ಹಾಗಾಗಿ ಬೇಡಿಕೆಯೂ ಸರಳ: ಜಾತ್ರೆಯ ಖರ್ಚಿನ ಪಟ್ಟಿಯಲ್ಲಿ ದೀಪಾಲಂಕಾರದ ಪಕ್ಕದಲ್ಲೇ ಮೂರು ಸಾಲು ಸೇರಲಿ. ಘಟ್ಟ ವರ್ಷವಿಡೀ ಚೊಕ್ಕವಾಗಿರಲಿ, ಹರಿಗೋಲಿನವರಿಗೆ ಪರವಾನಗಿ ಮತ್ತು ರಕ್ಷಣಾ ಸಾಮಗ್ರಿ ಸಿಗಲಿ, ದಡದ ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಈಜು ಕಲಿಸಲಿ. ಆಮೇಲೆ ಬೇಕಾದರೆ ಹಾಯಿದೋಣಿ ತರೋಣ.