ಪೆಟ್ರೋಲಿನ ಹನಿಯೂ ಗಾಯಾಳುವಿನ ಹಕ್ಕೂ

2025ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ದಕ್ಷಿಣ ಆಫ್ರಿಕದ ಗೌಟೆಂಗ್ ಪ್ರಾಂತದ ಉಚ್ಚ ನ್ಯಾಯಾಲಯವು ಒಂದು ನಿರ್ದೇಶನವನ್ನು ಜಾರಿಗೆ ತಂದಿತು. ಜೋಹಾನ್ಸ್‌ಬರ್ಗ್, ಪ್ರಿಟೋರಿಯ ನಗರಗಳೆರಡೂ ಈ ನ್ಯಾಯಾಲಯದ ವ್ಯಾಪ್ತಿಗೆ ಸೇರಿದವು. ಸಿವಿಲ್ ದಾವೆ ಹೂಡಿದವರು ಮೊದಲು ಮಧ್ಯಸ್ಥರ ಮುಂದೆ ರಾಜಿಗೆ ಯತ್ನಿಸಬೇಕು, ಅದು ಫಲಿಸದಿದ್ದರೆ ಮಾತ್ರ ವಿಚಾರಣೆಯ ದಿನಾಂಕವನ್ನು ಬೇಡಬಹುದು ಎಂಬುದು ಅದರ ಸಾರ. ಕಾರಣವನ್ನು ನ್ಯಾಯಾಲಯ ಮುಚ್ಚಿಡಲಿಲ್ಲ. ಆ ವೇಳೆಗೆ ಅಲ್ಲಿ ವಿಚಾರಣೆಗೆ ಗೊತ್ತುಮಾಡುತ್ತಿದ್ದ ದಿನಗಳು 2031ನೆಯ ಇಸವಿಯವರೆಗೆ ಸರಿದುಹೋಗಿದ್ದವು. ಈ ದಾವೆಗಳ ರಾಶಿಯಲ್ಲಿ ಅತಿ ದೊಡ್ಡ ಪಾಲು ಒಬ್ಬನೇ ಪ್ರತಿವಾದಿಯ ಮೇಲೆ ಹೂಡಿದವು. ಆ ಪ್ರತಿವಾದಿಯ ಹೆಸರು ರಸ್ತೆ ಅಪಘಾತ ನಿಧಿ.

ದೂರದ ದೇಶದ ಮೋಟಾರು ಕಾನೂನು ಭಾನುವಾರದ ಓದಿಗೆ ತಕ್ಕ ವಿಷಯವೇ ಎಂದು ವಾಚಕರು ಕೇಳಬಹುದು. ಒಂದು ಸರಕಾರವು ತನ್ನ ಪ್ರಜೆಗಳಿಂದ ಒಂದು ಹಕ್ಕನ್ನು ಕೊಂಡುಕೊಂಡು, ಅದರ ಬೆಲೆಯನ್ನು ಮಾತ್ರ ನಾಳೆ ನಾಡಿದ್ದೆಂದು ಮುಂದೂಡುತ್ತ ಹೋದರೆ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾನು ಬೇರೆ ಕಂಡಿಲ್ಲ. ಆದಕಾರಣ ಈ ಪ್ರಸ್ತಾಪ.

ನಮ್ಮಲ್ಲಿ ವಾಹನದ ಮಾಲೀಕನು ವಿಮೆ ಇಳಿಸಿರುತ್ತಾನೆ. ಗಾಯಾಳುವು ನ್ಯಾಯಮಂಡಳಿಯ ಮುಂದೆ ಮಾಲೀಕ, ಚಾಲಕ, ವಿಮಾ ಕಂಪನಿ ಮೂವರನ್ನೂ ಎಳೆಯುತ್ತಾನೆ. ದಕ್ಷಿಣ ಆಫ್ರಿಕದ ಏರ್ಪಾಡೇ ಬೇರೆ. ಅಲ್ಲಿ ಮಾರಾಟವಾಗುವ ಪೆಟ್ರೋಲು, ಡೀಸೆಲ್‌ಗಳ ಪ್ರತಿಯೊಂದು ಲೀಟರಿನ ಮೇಲೂ ಒಂದು ಸುಂಕವಿದೆ. 2021ರ ಏಪ್ರಿಲ್‌ನಲ್ಲಿ ಅದನ್ನು 2 ರ‍್ಯಾಂಡ್ 18 ಸೆಂಟಿಗೆ ಏರಿಸಲಾಯಿತು. ಈ ಹಣವೇ ನಿಧಿಯ ಬೊಕ್ಕಸ. ಚಾಲಕನಿಗೆ ಪರವಾನಗಿ ಇದ್ದರೂ ಇಲ್ಲದಿದ್ದರೂ, ಅವನು ಢಿಕ್ಕಿ ಹೊಡೆದು ಓಡಿಹೋಗಿ ಗುರುತೇ ಸಿಗದಿದ್ದರೂ, ದೇಹಕ್ಕಾದ ಹಾನಿಗೆ ನಿಧಿಯೇ ಉತ್ತರವಾದಿ. ಓಡಿಹೋದ ವಾಹನವು ಗಾಯಾಳುವನ್ನು ಅಥವಾ ಅವನ ವಾಹನವನ್ನು ಮುಟ್ಟಿಯೇ ಇರಬೇಕೆಂದು ಹಿಂದೆ ಒಂದು ನಿಯಮವಿತ್ತು. 2003ರಲ್ಲಿ ಅಲ್ಲಿಯ ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಏರ್ಪಾಡು ಉದಾರವಾದುದೆಂಬುದರಲ್ಲಿ ಸಂಶಯವಿಲ್ಲ. ಸ್ವಂತ ಬೈಸಿಕಲ್ಲೂ ಇಲ್ಲದ ಕೂಲಿಕಾರನು ಮಿನಿಬಸ್ಸು ಟ್ಯಾಕ್ಸಿಗೆ ಕೊಡುವ ಬಾಡಿಗೆಯಲ್ಲಿ ಈ ಸುಂಕದ ಪಾಲೂ ಸೇರಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ನಿಧಿಯ ಹಣ ಧರ್ಮದ ಹಣವಲ್ಲ, ಅವನೂ ತೆತ್ತ ಹಣ.

ಇದಕ್ಕೆ ಮುಂಚೆ ಗಾಯಾಳುವಿಗೆ ಇದ್ದ ಹಕ್ಕು ಬಹು ಪುರಾತನವಾದುದು. ದಕ್ಷಿಣ ಆಫ್ರಿಕದ ಸಾಮಾನ್ಯ ಕಾನೂನಿನ ಬೇರು ರೋಮನ್-ಡಚ್ ನ್ಯಾಯದಲ್ಲಿದೆ. ಅನ್ಯಾಯವಾಗಿ ಹಾನಿಮಾಡಿದವನು ಹಾನಿಯನ್ನು ತುಂಬಿಕೊಡಬೇಕೆಂಬ ತತ್ವವು ಕ್ರಿಸ್ತಪೂರ್ವದ ರೋಮಿನ ಅಕ್ವಿಲಿಯನ್ ಶಾಸನದಿಂದ ಇಳಿದುಬಂದದ್ದು. ಆ ಶಾಸನ ಹುಟ್ಟಿದ್ದು ಪರರ ಗುಲಾಮನನ್ನೋ ದನವನ್ನೋ ಕೊಂದವನಿಂದ ಬೆಲೆ ವಸೂಲುಮಾಡುವುದಕ್ಕೆ. ಸ್ವತಂತ್ರ ಮನುಷ್ಯನ ಮೈಗೆ ಅದರ ನೆರಳು ಚಾಚಿದ್ದು ಆಮೇಲಿನ ಮಾತು. ಮೋಟಾರು ಬಂದಮೇಲೆ ಕಡ್ಡಾಯ ವಿಮೆಯ ಶಾಸನ 1942ರಲ್ಲಿ ಆಯಿತು, 1946ರ ಮೇ ತಿಂಗಳಲ್ಲಿ ಜಾರಿಗೆ ಬಂದಿತು. 1986ರ ಶಾಸನದಿಂದ ಇಂಧನದ ಸುಂಕ ಬಂದಿತು. ಈಗಿನ ನಿಧಿಯ ಶಾಸನ 1996ರದು, 1997ರ ಮೇ 1ರಿಂದ ನಡೆಯುತ್ತಿದೆ. ಅಷ್ಟರವರೆಗೂ, ಅದಾದ ಮೇಲೂ ಹತ್ತಾರು ವರ್ಷ, ಒಂದು ಮಾತು ಉಳಿದಿತ್ತು: ನಿಧಿ ಕೊಡದೆ ಉಳಿಸಿದ ಬಾಕಿಗಾಗಿ ತಪ್ಪಿತಸ್ಥ ಚಾಲಕನ ಮೇಲೆಯೇ ದಾವೆ ಹೂಡಬಹುದಿತ್ತು.

2008ರ ಆಗಸ್ಟ್ 1ರಂದು ಆ ಬಾಗಿಲು ಮುಚ್ಚಿತು. ಅಂದಿನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಚಾಲಕನ ಮೇಲೆ ದಾವೆ ಇಲ್ಲ. ಕೊಟ್ಟಷ್ಟನ್ನು ನಿಧಿಯಿಂದಲೇ ಪಡೆಯಬೇಕು. ಕೊಡುವುದಕ್ಕೂ ಮಿತಿಗಳು ಬಂದವು. ದುಡಿಮೆ ತಪ್ಪಿದುದಕ್ಕಾಗಲಿ, ದುಡಿಯುವವನು ಸತ್ತು ಹೆಂಡತಿ ಮಕ್ಕಳ ಆಸರೆ ತಪ್ಪಿದುದಕ್ಕಾಗಲಿ ವರ್ಷಕ್ಕೆ 1,60,000 ರ‍್ಯಾಂಡಿನ ಗಡಿ; ಬೆಲೆ ಏರಿದಂತೆ ಮೂರು ತಿಂಗಳಿಗೊಮ್ಮೆ ಈ ಗಡಿಯೂ ಏರುತ್ತದೆ. ಮುಂದಿನ ಚಿಕಿತ್ಸೆಗೆ ಇಡಿಗಂಟಿನ ಬದಲು ನಿಧಿಯು ಒಂದು ಮುಚ್ಚಳಿಕೆ ಬರೆದುಕೊಡಬಹುದು, ಖರ್ಚಾದಾಗ ತೆರುತ್ತೇವೆಂದು. ನೋವಿಗೂ ಸಂಕಟಕ್ಕೂ ಪರಿಹಾರ ಬೇಕಾದರೆ ಗಾಯವು ‘ಗಂಭೀರ’ವಾಗಿರಬೇಕು.

ಈ ಒಂದು ವಿಶೇಷಣದ ಮೇಲೆ ಎಷ್ಟು ಮಂದಿಯ ಬದುಕು ನಿಂತಿದೆಯೆಂದರೆ ಅದನ್ನು ತುಸು ಬಿಡಿಸಿ ನೋಡಬೇಕು. ಗಾಯಾಳುವು ವೈದ್ಯನ ಬಳಿಗೆ ಹೋಗಿ ಒಂದು ನಮೂನೆ ತುಂಬಿಸಬೇಕು. ವೈದ್ಯನು ಅಮೆರಿಕದ ವೈದ್ಯಸಂಘದ ಕೈಪಿಡಿಯನ್ನು ಮುಂದಿಟ್ಟುಕೊಂಡು ಇಡೀ ಮನುಷ್ಯನಲ್ಲಿ ಶೇಕಡ ಎಷ್ಟು ಕೆಟ್ಟಿದೆಯೆಂದು ಲೆಕ್ಕಹಾಕುತ್ತಾನೆ. ಶೇಕಡ 30 ಮುಟ್ಟಿದರೆ ಗಂಭೀರ. ಮುಟ್ಟದಿದ್ದರೆ ದೀರ್ಘಕಾಲದ ತೀವ್ರ ಊನ, ಶಾಶ್ವತವಾದ ವಿರೂಪ, ತೀವ್ರವಾದ ಮನೋವಿಕಾರ, ಗರ್ಭನಷ್ಟ ಇವುಗಳಲ್ಲೊಂದನ್ನು ತೋರಿಸಬೇಕು. ಕೈಪಿಡಿಯ ಕೋಷ್ಟಕಕ್ಕೆ ಬೆರಳು ಬೆರಳೇ. ಅದು ಗುಮಾಸ್ತನ ಬೆರಳೋ, ಹೊಲಿಗೆಯವಳ ಬೆರಳೋ ಎಂಬ ಭೇದ ಅದಕ್ಕೆ ತಿಳಿಯದು; ಬದುಕಿಗೆ ತಿಳಿಯುತ್ತದೆ. ನಿಧಿಯು ಒಪ್ಪದಿದ್ದರೆ ವಿವಾದ ಹೋಗುವುದು ವೈದ್ಯರ ಮೇಲ್ಮನವಿ ಮಂಡಳಿಗೆ. ಗಾಯ ಗಂಭೀರವೋ ಅಲ್ಲವೋ ಎಂಬುದನ್ನು ನಿಧಿಯೂ ಆ ಮಂಡಳಿಯೂ ತೀರ್ಮಾನಿಸಬೇಕಲ್ಲದೆ ನ್ಯಾಯಾಲಯವಲ್ಲವೆಂದು 2012ರಲ್ಲಿ ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯವೇ ಹೇಳಿತು.

ಇಷ್ಟೆಲ್ಲ ಆದರೂ ಚಾಲಕನ ಅಲಕ್ಷ್ಯವನ್ನು ಸ್ಥಾಪಿಸುವ ಹೊರೆ ಗಾಯಾಳುವಿನ ಮೇಲೆಯೇ ಉಳಿಯಿತು. ಹಣ ಸಾರ್ವಜನಿಕರದು, ಎದುರಾಳಿ ಸರಕಾರದ ಸಂಸ್ಥೆ, ಹೋರಾಟ ಮಾತ್ರ ಹಳೆಯ ಖಾಸಗಿ ಜಗಳದ ಮಾದರಿಯದು. ಸ್ವಂತ ತಪ್ಪಿನಿಂದಲೇ ಮಡಿದ ಚಾಲಕನ ವಿಧವೆಗೆ ಏನೂ ಇಲ್ಲ. ಅರ್ಧ ಹಳೆಯದು, ಅರ್ಧ ಹೊಸದು: ಕಾನೂನಿನ ಈ ಅರೆಗೂಡಿದ ರೂಪವೇ ಬಹುಪಾಲು ವ್ಯಾಜ್ಯಕ್ಕೆ ತಾಯಿ ಎಂದು ನನ್ನ ಎಣಿಕೆ.

ತಿದ್ದುಪಡಿಯನ್ನು ಪ್ರಶ್ನಿಸಿ ವಕೀಲರ ಸಂಘವು ಸಂವಿಧಾನ ನ್ಯಾಯಾಲಯದ ಮೆಟ್ಟಿಲೇರಿತು. 2010ರ ನವೆಂಬರ್ 25ರಂದು ತೀರ್ಪು ಬರೆದವರು ಉಪಮುಖ್ಯ ನ್ಯಾಯಮೂರ್ತಿ ಡಿಕ್‌ಗಾಂಗ್ ಮೊಸೆನೆಕೆ. ಹದಿನೈದನೆಯ ವಯಸ್ಸಿನಲ್ಲಿ ಬಂಧಿತರಾಗಿ ಹತ್ತು ವರ್ಷ ರಾಬೆನ್ ದ್ವೀಪದ ಸೆರೆಯಲ್ಲಿ ಕಳೆದವರು. ಬಡವನ ಪಾಡು ಅವರಿಗೆ ತಿಳಿಯದೆಂದು ಯಾರೂ ಹೇಳಲಾರರು. ಚಾಲಕನ ಮೇಲಿನ ದಾವೆಯ ಹಕ್ಕನ್ನು ಕಿತ್ತುಕೊಂಡದ್ದು ಸಂವಿಧಾನಕ್ಕೆ ವಿರೋಧವಲ್ಲವೆಂದು ಅವರು ನಿರ್ಣಯಿಸಿದರು. ನಿಧಿ ಸಾಲದಲ್ಲಿ ಮುಳುಗಿದೆ. ಬಹುಪಾಲು ಚಾಲಕರಿಂದ ವಸೂಲಾಗುವುದೂ ಅಷ್ಟಕ್ಕಷ್ಟೆ. ಮೇಲಾಗಿ ಇದು ತಾತ್ಕಾಲಿಕ ಹೆಜ್ಜೆ, ತಪ್ಪು ಯಾರದೆಂದು ಕೇಳದೆ ಎಲ್ಲರಿಗೂ ನೆರವೀಯುವ ವ್ಯವಸ್ಥೆಯ ಕಡೆಗೆ ಇಟ್ಟದ್ದು ಎಂಬ ಸಮಾಧಾನವೂ ಅದರಲ್ಲಿತ್ತು. ಒಂದು ಅಂಶವನ್ನು ಮಾತ್ರ ನ್ಯಾಯಾಲಯ ಹೊಡೆದುಹಾಕಿತು. ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯ ದರವನ್ನಷ್ಟೇ ಕೊಡುವೆವೆಂಬ ನಿಯಮದಿಂದ ಬೆನ್ನುಹುರಿ ಕಡಿದು ಕೈಕಾಲು ಸೋತವರಿಗೆ ಯೋಗ್ಯ ಶುಶ್ರೂಷೆ ದೊರೆಯುವುದು ಸಾಧ್ಯವೇ ಇರಲಿಲ್ಲ.

ಮೂರು ತಿಂಗಳೊಳಗೆ, 2011ರ ಫೆಬ್ರವರಿಯಲ್ಲಿ, ಅದೇ ನ್ಯಾಯಾಲಯದಿಂದ ಇನ್ನೊಂದು ತೀರ್ಪು ಬಂದಿತು. ಇದನ್ನು ಬರೆದವರು ನ್ಯಾಯಮೂರ್ತಿ ಜಾಫ್ಟಾ. ಬಾಡಿಗೆ ಕೊಟ್ಟು ಕುಳಿತ ವಾಹನದ ಚಾಲಕನೊಬ್ಬನದೇ ತಪ್ಪಾದರೆ ಪ್ರಯಾಣಿಕನಿಗೆ 25,000 ರ‍್ಯಾಂಡಿಗಿಂತ ಹೆಚ್ಚು ಇಲ್ಲವೆಂಬುದು 2008ಕ್ಕೆ ಹಿಂದಿನ ನಿಯಮ. ತಿದ್ದುಪಡಿ ಅದನ್ನು ತೆಗೆದುಹಾಕಿತ್ತಾದರೂ ಹಿಂದೆ ಗಾಯಗೊಂಡವರನ್ನು ಅದು ಕಟ್ಟಿಹಾಕಿತ್ತು. ಅಕ್ಷರದಲ್ಲಿ ಬಣ್ಣದ ಸುಳಿವಿಲ್ಲ. ಆದರೆ ವರ್ಣಭೇದದ ಆಳ್ವಿಕೆ ಕರಿಯರನ್ನು ಊರಾಚೆಯ ಕೇರಿಗಳಿಗೆ ಅಟ್ಟಿದ್ದರಿಂದ ಕೆಲಸಕ್ಕೆ ಹೋಗಲು ಬಸ್ಸು, ಟ್ಯಾಕ್ಸಿಗಳನ್ನೇ ನಂಬಿದವರು ಬಹುಮಟ್ಟಿಗೆ ಅವರೇ. ನಿಯಮದ ಪೆಟ್ಟು ಬಿದ್ದದ್ದು ಅವರ ಮೇಲೆ. ಆದ್ದರಿಂದ ಅದು ಪರೋಕ್ಷವಾದ ವರ್ಣತಾರತಮ್ಯವೆಂದು ನ್ಯಾಯಾಲಯ ಕಂಡುಕೊಂಡಿತು. ನಾನು ಓದಿದ ಅಪಘಾತದ ತೀರ್ಪುಗಳಲ್ಲಿ ರಸ್ತೆಯ ಹಿಂದಿನ ಸಮಾಜವನ್ನು ಇಷ್ಟು ನೇರವಾಗಿ ನೋಡಿದುದು ಮತ್ತೊಂದಿಲ್ಲ.

ಇನ್ನು ಆ ‘ತಾತ್ಕಾಲಿಕ ಹೆಜ್ಜೆ’ಯ ಕಥೆ. ತಪ್ಪೊಪ್ಪಿನ ವಿಚಾರಣೆಯಿಲ್ಲದ ವ್ಯವಸ್ಥೆಯನ್ನು ನ್ಯಾಯಾಧೀಶೆ ಕ್ಯಾಥ್ಲೀನ್ ಸ್ಯಾಚ್‌ವೆಲ್‌ರ ಆಯೋಗ 2002ರಲ್ಲಿಯೇ ಶಿಫಾರಸು ಮಾಡಿತ್ತು. ಅದಕ್ಕೆ ಮಸೂದೆಯ ರೂಪ ಬಂದು ಸಂಸತ್ತನ್ನು ಮುಟ್ಟಿದ್ದು 2017ರಲ್ಲಿ. ಮಸೂದೆಯಲ್ಲಿ ನೋವು-ಸಂಕಟಗಳ ಪರಿಹಾರವೇ ಇರಲಿಲ್ಲ. ವಕೀಲರೂ ಬಲವಾಗಿ ವಿರೋಧಿಸಿದರು. 2020ರಲ್ಲಿ ಸಂಸತ್ತಿನ ಸಾರಿಗೆ ಸಮಿತಿ ಅದನ್ನು ತಿರಸ್ಕರಿಸಿತು. ಹೊಳೆ ದಾಟಿಸುವೆವೆಂದು ಜನರನ್ನು ಹರಿಗೋಲಿಗೆ ಹತ್ತಿಸಿಯಾಗಿತ್ತು, ಆಚೆಯ ದಡವನ್ನು ಅಳಿಸಿಬಿಟ್ಟರು. ಹಳೆಯ ಹಕ್ಕು ಮರಳಿ ಬರಲಿಲ್ಲ.

ವಕೀಲರ ವಿರೋಧದಲ್ಲಿ ಸ್ವಾರ್ಥವಿರಲಿಲ್ಲವೆಂದು ನಾನು ಹೇಳಲಾರೆ. ಗೆದ್ದರೆ ಮಾತ್ರ ಶುಲ್ಕವೆಂಬ ಕರಾರಿನಲ್ಲಿ ಪರಿಹಾರದ ಶೇಕಡ 25ರವರೆಗೆ ವಕೀಲನಿಗೆ ಸಲ್ಲಬಹುದೆಂದು 1997ರ ಶಾಸನ ಹೇಳುತ್ತದೆ. ಹಾಗೆಂದು ವಕೀಲನಿಲ್ಲದೆ ಬಡವನಿಗೆ ಆ ನಮೂನೆಗಳ ಕಾಡಿನಲ್ಲಿ ದಾರಿ ಸಿಗುವುದೆ? ನಿಧಿಯು ತನ್ನ ಪರ ವಾದಿಸುತ್ತಿದ್ದ ವಕೀಲ ಸಂಸ್ಥೆಗಳ ತಂಡವನ್ನು 2020ರಲ್ಲಿ ಉಳಿತಾಯಕ್ಕೆಂದು ಕೈಬಿಟ್ಟಿತು. ಎಷ್ಟೋ ದಾವೆಗಳಲ್ಲಿ ನಿಧಿಯ ಪರ ಮಾತಾಡುವವರೇ ಇಲ್ಲದೆ ಏಕಪಕ್ಷೀಯ ತೀರ್ಪುಗಳಾದವು. ಸಾರ್ವಜನಿಕರ ಹಣಕ್ಕೆ ಕಾವಲುಗಾರ ನ್ಯಾಯಾಧೀಶನೊಬ್ಬನೇ ಆದ. ತೀರ್ಪಿನ ಹಣ ಬಾರದಾಗ ಅಮೀನರು ನಿಧಿಯ ಕಛೇರಿಯ ಮೇಜು ಕುರ್ಚಿಗಳನ್ನು ಜಪ್ತಿ ಮಾಡಿ ಹೊತ್ತೊಯ್ದ ಪ್ರಸಂಗಗಳೂ ನಡೆದಿವೆ. ಅದೇ ಕಾಲದಲ್ಲಿ ನಿಧಿಯು ಲೆಕ್ಕ ಬರೆಯುವ ಪದ್ಧತಿಯನ್ನೇ ಬದಲಿಸಿತು. ಮುನ್ನೂರು ಬಿಲಿಯನ್ ರ‍್ಯಾಂಡ್ ಮೀರಿದ್ದ ಹೊಣೆ ಕಾಗದದ ಮೇಲೆ ಹತ್ತನೆಯ ಒಂದು ಪಾಲಿನಷ್ಟಕ್ಕೆ ಕುಗ್ಗಿತು. ಮಹಾಲೇಖಪಾಲರು ಇದನ್ನು ಒಪ್ಪಲಿಲ್ಲ. 2025ರ ಜುಲೈಯಲ್ಲಿ ಸಾರಿಗೆ ಸಚಿವೆ ಬಾರ್ಬರಾ ಕ್ರೀಸಿ ನಿಧಿಯ ಆಡಳಿತ ಮಂಡಳಿಯನ್ನು ವಿಸರ್ಜಿಸಿದರು.

ಗಾಯಾಳುವಿನ ವಾಯಿದೆಯಾದರೋ ಕಟ್ಟುನಿಟ್ಟು. ಚಾಲಕನ ಗುರುತಿದ್ದರೆ ಮೂರು ವರ್ಷದೊಳಗೆ, ಗುರುತಿಲ್ಲದಿದ್ದರೆ ಎರಡೇ ವರ್ಷದೊಳಗೆ ಹಕ್ಕುಪತ್ರ ಸಲ್ಲಿಸಬೇಕು. ತಡವಾದರೆ ಹಕ್ಕು ಹೋಯಿತು.

ಸುಧಾರಣೆಯ ಹೆಸರಿನಲ್ಲಿ ಈಗ ಕೇಳಿಬರುತ್ತಿರುವ ಮಾತುಗಳೂ ನನಗೆ ನೆಮ್ಮದಿ ತರುವುದಿಲ್ಲ. ಸಕ್ರಮವಾಗಿ ದೇಶದಲ್ಲಿರುವೆನೆಂದು ರುಜುವಾತು ಕೊಡದ ವಿದೇಶೀಯರಿಗೆ ಪರಿಹಾರವಿಲ್ಲವೆಂದು ನಿಧಿಯು 2022ರಲ್ಲಿ ಆಜ್ಞೆ ಹೊರಡಿಸಿತ್ತು; ಶಾಸನದಲ್ಲಿ ಇರುವುದು ‘ಯಾವುದೇ ವ್ಯಕ್ತಿ’ ಎಂಬ ಮಾತು. 2024ರ ಮಾರ್ಚ್‌ನಲ್ಲಿ ಪ್ರಿಟೋರಿಯದ ಉಚ್ಚ ನ್ಯಾಯಾಲಯ ಆ ಆಜ್ಞೆಯನ್ನು ರದ್ದುಪಡಿಸಿತು. 2023ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ತಿದ್ದುಪಡಿಯ ಕರಡಿನಲ್ಲಿ ಓಡಿಹೋದ ವಾಹನದಿಂದ ಗಾಯಗೊಂಡವರನ್ನೂ ಹೆದ್ದಾರಿ ದಾಟುವಾಗ ಪೆಟ್ಟುತಿಂದ ಪಾದಚಾರಿಗಳನ್ನೂ ಹೊರಗಿಡುವ ಸೂಚನೆಯಿತ್ತು. ಆ ದೇಶದ ರಸ್ತೆಗಳಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿ ಜನ ಸಾಯುತ್ತಾರೆ. ಅವರಲ್ಲಿ ಐವರಿಗೆ ಇಬ್ಬರಂತೆ ಪಾದಚಾರಿಗಳು. ಹೆದ್ದಾರಿಯ ಒಂದು ಮಗ್ಗುಲಲ್ಲಿ ತಗಡಿನ ಗುಡಿಸಲುಗಳು, ಇನ್ನೊಂದು ಮಗ್ಗುಲಲ್ಲಿ ಟ್ಯಾಕ್ಸಿ ನಿಲ್ಲುವ ಜಾಗ. ನಡುವೆ ಬೆಳಗಾಗುವ ಮುನ್ನ ಕೆಲಸಕ್ಕೆ ಹೊರಟವರು. ಅವರನ್ನು ಕೈಬಿಟ್ಟರೆ ನಿಧಿಗೆ ಎಷ್ಟು ಹಣ ಉಳಿಯುವುದೆಂದು ಲೆಕ್ಕ ಹಾಕಬಹುದು. ಅವರು ಟ್ಯಾಕ್ಸಿಯ ಬಾಡಿಗೆಯಲ್ಲಿ ಈವರೆಗೆ ತೆತ್ತ ಸುಂಕವನ್ನು ಹಿಂದಿರುಗಿಸುವ ಮಾತು ಆ ಕರಡಿನಲ್ಲಿ ಇರಲಿಲ್ಲ.